ಒಂದರ ಕೀ ಇಲ್ಲದ ಮೆಷಿನ್

ಮುಳಬಾಗಿಲು
3–3–2003

ಚಿ. ಕದಿರೇಶನಿಗೆ ಸುಬ್ಬರಾಯಪ್ಪ ಮೇಷ್ಟ್ರ ಆಶೀರ್ವಾದಗಳು.

ನನ್ನ ನೆನಪಿದೆಯೋ ಇಲ್ಲವೋ. ಇಲ್ಲದಿದ್ದರೆ ನಿನ್ನ ಬೆರಳಿನ ಗೆಣ್ಣುಗಳನ್ನು ಕೇಳು, ಅವಕ್ಕೆ ನೆನಪಿರುತ್ತದೆ. ಹದಿಮೂರು ವರ್ಷದ ಹಿಂದೆ ನಮ್ಮ ಟೈಪಿಂಗ್ ಶಾಲೆಯಲ್ಲಿ ಮೂರನೇ ಮೆಷಿನ್ನಿನ ಮುಂದೆ ಕೂತು ಬೆವರುತ್ತಿದ್ದ ತಾಯಲೂರಿನ ಹುಡುಗ ಈಗ ಕೋಲಾರದ ಕಂಪ್ಯೂಟರ್ ಕೇಂದ್ರದಲ್ಲಿ ಪರೀಕ್ಷಕನಂತೆ. ಆ ಕೇಂದ್ರದ ಯೋಗ್ಯತೆಯ ಬಗ್ಗೆ ನನಗೆ ಅನುಮಾನವಿತ್ತು. ಈ ಸುದ್ದಿ ಕೇಳಿದ ಮೇಲೆ ಅನುಮಾನ ಉಳಿದಿಲ್ಲ.

ವಿಷಯಕ್ಕೆ ಬರುತ್ತೇನೆ. ಟೈಪಿಂಗ್ ಕಲಿಯಲು ಈಗ ಯಾರೂ ಬರುವುದಿಲ್ಲ. ಹನ್ನೆರಡು ಮೆಷಿನ್ನಿನಲ್ಲಿ ಹತ್ತಕ್ಕೆ ಬಟ್ಟೆ ಹೊದಿಸಿಟ್ಟಿದ್ದೇನೆ. ಶಾಲೆಯನ್ನು ಕಂಪ್ಯೂಟರ್ ಶಾಲೆ ಮಾಡಬೇಕು, ಅದಕ್ಕೆ ನಿಮ್ಮ ಕೇಂದ್ರದ ಮಾನ್ಯತೆ ಬೇಕು. ಅರ್ಜಿ ಹಾಕಿದವರು ತಮ್ಮ ಶಾಲೆಯ ವಿವರದ ಒಂದು ವೆಬ್ ಪುಟವನ್ನು ತಾವೇ ತಯಾರಿಸಿ ಸಮಿತಿಯ ಎದುರು ತೋರಿಸಬೇಕಂತೆ. ಅದನ್ನು ಮೊದಲು ನೋಡುವವನು ನೀನಂತೆ. ಮಾನ್ಯತೆ ಸಿಕ್ಕರೆ ಬಾಗಿಲು ತೆರೆದಿರುತ್ತದೆ. ಸಿಗದಿದ್ದರೆ ಜೂನ್ ತಿಂಗಳಲ್ಲಿ ಮುಚ್ಚುತ್ತೇನೆ.

ನಮ್ಮ ಪುಟ ವೆಬ್ ಬರವಣಿಗೆಯ ಹೊಸ ಮಾನದಂಡದ ಪ್ರಕಾರ ಇರುತ್ತದೆ. ಎಕ್ಸ್‌ಎಚ್‌ಟಿಎಮ್‌ಎಲ್, ಅದರಲ್ಲೂ ಕಟ್ಟುನಿಟ್ಟಿನದು. ಬೆಂಗಳೂರಿನಿಂದ ಪುಸ್ತಕ ತರಿಸಿ ಮೊದಲಿನಿಂದ ಕೊನೆಯವರೆಗೆ ಮೂರು ಸಲ ಕೇಳಿದ್ದೇನೆ. ತೆರೆದ ಗುರುತನ್ನೆಲ್ಲ ಮುಚ್ಚಬೇಕು, ಒಂದು ತಪ್ಪಿದ್ದರೂ ಪುಟ ತೆರೆಯಕೂಡದು ಎನ್ನುತ್ತದೆ ಆ ಪುಸ್ತಕ. ಮೂವತ್ತು ವರ್ಷದಿಂದ ನಾನು ಹೇಳುತ್ತಿದ್ದದ್ದನ್ನು ಯಾರೋ ಪರದೇಶದವರು ಕೊನೆಗೂ ಒಪ್ಪಿಕೊಂಡಿದ್ದಾರೆ.

ನಿನಗೆ ಇದು ಬರುತ್ತದೆಯೋ, ಅಥವಾ ಹಳೆಯದನ್ನೇ ತಿದ್ದಿಕೊಂಡು ಕೂತಿದ್ದೀಯೋ, ತಿಳಿಸು.

ಸುಬ್ಬರಾಯಪ್ಪ


ಕೋಲಾರ
11–3–2003

ಪೂಜ್ಯ ಮೇಷ್ಟ್ರಿಗೆ ಕದಿರೇಶನ ನಮಸ್ಕಾರಗಳು.

ಕಾಗದ ತಲುಪಿತು. ಟೈಪ್ ಮಾಡಿದ ಇಡೀ ಕಾಗದದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಒಂದೂ ಮಸುಕಾಗಿಲ್ಲ. ಈ ವಯಸ್ಸಿನಲ್ಲೂ ನಿಮ್ಮ ಕೈ ಹಾಗೇ ಇದೆ. ಕಾಗದದ ಮಾತೂ ಹಾಗೇ ಇದೆ.

ಹೊಸ ಮಾನದಂಡ ನನಗೆ ಬರುತ್ತದೆ. ಬರುವುದರಿಂದಲೇ ಬೇಡ ಎನ್ನುತ್ತಿದ್ದೇನೆ. ಹಳೆ ಎಚ್‌ಟಿಎಮ್‌ಎಲ್‌ನಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಬ್ರೌಸರ್ ಹೇಗೋ ಸುಧಾರಿಸಿಕೊಂಡು ಪುಟ ತೋರಿಸುತ್ತದೆ. ಹೊಸದನ್ನು ಕಟ್ಟುನಿಟ್ಟಾಗಿ ಕಳಿಸಿದರೆ ಒಂದೇ ತಪ್ಪಿಗೆ ಪೂರ್ತಿ ಪುಟ ನಿಂತುಹೋಗುತ್ತದೆ. ತಪ್ಪಿನ ಕೆಳಗೆ ಎಷ್ಟು ಒಳ್ಳೆಯದು ಬರೆದಿದ್ದರೂ ಯಾರಿಗೂ ಕಾಣುವುದಿಲ್ಲ.

ಅದೂ ಹೊಸ ಬ್ರೌಸರ್ ಇದ್ದವರ ಮಾತು. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಹನ್ನೊಂದು ಸೈಬರ್ ಅಂಗಡಿ ಸುತ್ತಿ ನೋಡಿದ್ದೇನೆ, ಒಂದರಲ್ಲೂ ಇಲ್ಲ. ಜನರ ಹತ್ತಿರ ಇರುವ ಬ್ರೌಸರ್ ಈ ಮಾನದಂಡವನ್ನು ಗುರುತೇ ಹಿಡಿಯುವುದಿಲ್ಲ, ಪುಟ ತೋರಿಸುವ ಬದಲು ಈ ಫೈಲನ್ನು ಎಲ್ಲಿ ಇಡಲಿ ಎಂದು ಕೇಳುತ್ತದೆ. ನೋಡುವ ಕಣ್ಣೇ ಇಲ್ಲದ ಊರಿನಲ್ಲಿ ಯಾರಿಗೆ ಈ ಶೃಂಗಾರ? ದೊಡ್ಡ ದೊಡ್ಡವರು ಕೋಣೆಯಲ್ಲಿ ಕೂತು ಬರೆದ ನಿಯಮ ಇದು, ಐದು ವರ್ಷದಲ್ಲಿ ಮೂಲೆಗೆ ಬೀಳದಿದ್ದರೆ ನನ್ನ ಹೆಸರು ಕದಿರೇಶ ಅಲ್ಲ.

ಒಂದು ದಾರಿ ಇದೆ. ಪುಟವನ್ನು ಕಳಿಸುವಾಗ ಅದರ ಮೇಲೆ ಒಂದು ಚೀಟಿ ಹಚ್ಚುತ್ತೇವೆ, ಇದು ಹಳೇದು ಅಥವಾ ಹೊಸದು ಎಂದು. ಹೊಸ ರೀತಿಯಲ್ಲೇ ಬರೆಯಿರಿ, ಚೀಟಿ ಮಾತ್ರ ಹಳೇದು ಹಚ್ಚೋಣ. ಆಗ ತಪ್ಪಿದ್ದರೂ ಪುಟ ತೆರೆಯುತ್ತದೆ, ಎಲ್ಲರಿಗೂ ಕಾಣುತ್ತದೆ. ನೀವು ಹೂಂ ಅಂದರೆ ಸಾಕು.

ಕದಿರೇಶ


ಮುಳಬಾಗಿಲು
17–3–2003

ಚಿ. ಕದಿರೇಶನಿಗೆ ಆಶೀರ್ವಾದಗಳು.

ನಿನ್ನ ಕಾಗದದ ಎರಡನೇ ಪ್ಯಾರಾವನ್ನು ಎರಡು ಸಲ ಓದಿಸಿದೆ, ನಗು ಬಂತು. ತಪ್ಪಿದ್ದರೂ ಸುಧಾರಿಸಿಕೊಂಡು ತೋರಿಸುತ್ತದಂತೆ. ನಿನ್ನನ್ನು ನಿಮ್ಮಪ್ಪ ಹಾಗೇ ಸುಧಾರಿಸಿಕೊಂಡು ಬೆಳೆಸಿದರು, ಅದಕ್ಕೇ ನೀನು ಹೀಗೆ.

ಯಾರ ಹತ್ತಿರ ಯಾವ ಬ್ರೌಸರ್ ಇದೆ ಎಂದು ಲೆಕ್ಕ ಹಾಕುತ್ತಾ ಕೂರುವವನು ಗುಮಾಸ್ತ. ಸರಿಯಾದದ್ದನ್ನು ಮಾಡಿಟ್ಟು, ಬ್ರೌಸರ್ ತಾನಾಗಿ ಬಂದು ಸೇರಲಿ ಎಂದು ಕಾಯುವವನು ಮೇಷ್ಟ್ರು. ನಿನ್ನ ಹಳೆ ಚೀಟಿ ನನಗೆ ಬೇಡ. ನಿಮ್ಮ ಕೇಂದ್ರದಲ್ಲಿ ಹೊಸ ಬ್ರೌಸರ್ ಇದೆ ಎಂದು ಕೇಳಿದ್ದೇನೆ. ಸಮಿತಿಯ ಎದುರು ಅದರಲ್ಲೇ, ಹೊಸ ಚೀಟಿ ಹಚ್ಚಿಯೇ ತೆರೆಯಬೇಕು.

ನನಗಾಗಿ ಅಲ್ಲ ಇದು. ನನಗೆ ಅರವತ್ತೆಂಟು, ನಾಳೆ ಬಾಗಿಲು ಹಾಕಿದರೂ ಮನೆಯಾಕೆ ತುಳಸಮ್ಮ ನನಗೆ ಅನ್ನ ಹಾಕುತ್ತಾಳೆ. ಇಲ್ಲಿ ಒಬ್ಬ ಹುಡುಗಿ ಇದ್ದಾಳೆ. ಎರಡು ವರ್ಷದಿಂದ ದಿನವೂ ಬಸ್ಸಿನಲ್ಲಿ ಬರುತ್ತಾಳೆ. ಮೊದಲು ಟೈಪಿಂಗ್ ಕಲಿತಳು, ಆಮೇಲೆ ಆ ಪುಸ್ತಕ ಪೂರ್ತಿ ಕಲಿತಳು. ಮಾನ್ಯತೆ ಬಂದರೆ ಅವಳೇ ಇಲ್ಲಿನ ಇನ್ಸ್‌ಟ್ರಕ್ಟರ್. ಬಾರದಿದ್ದರೆ ಅವಳ ಮನೆಯವರು ಯಾವ ಕಡೆ ತಳ್ಳಿದರೆ ಆ ಕಡೆ ಹೋಗಬೇಕು. ನನ್ನ ಸರ್ವೀಸಿನಲ್ಲಿ ನಾನು ಒಂದು ಸಲವೂ ಹಾಳೆ ಹರಿಯದೆ ಕಲಿಸಿದ್ದು ಅವಳೊಬ್ಬಳಿಗೆ. ನಿನ್ನದು ಎಷ್ಟು ಹರಿದೆನೋ ನೆನಪಿಲ್ಲ.

ಸುಬ್ಬರಾಯಪ್ಪ


ಕೋಲಾರ
26–3–2003

ಮೇಷ್ಟ್ರಿಗೆ ನಮಸ್ಕಾರ.

ನಿಮಗೆ ನೆನಪಿಲ್ಲದಿದ್ದರೆ ನಾನು ಹೇಳುತ್ತೇನೆ. ನೂರಾ ನಲವತ್ತು ಹಾಳೆ ಹರಿದಿರಿ. ನೂರಾ ನಲವತ್ತೊಂದನೆಯದು ಹಾಳೆಯಲ್ಲ, ಕೋರ್ಟಿನ ಟೈಪಿಸ್ಟ್ ಕೆಲಸಕ್ಕೆ ನಾನು ತುಂಬಿದ್ದ ಅರ್ಜಿ. ನಿಮ್ಮ ರುಜು ಬೇಕಿತ್ತು. ವಿಳಾಸದಲ್ಲಿ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದಿತ್ತು. ಹೊಸದಾಗಿ ತುಂಬಿಸಬಹುದಿತ್ತು, ತಿದ್ದಿಸಬಹುದಿತ್ತು. ಹನ್ನೆರಡು ಜನರ ಎದುರಿಗೆ ನಾಲ್ಕು ತುಂಡು ಮಾಡಿ, ಆರಿಸ್ಕೊಂಡು ಹೋಗ್ಲಾ ಅಂದಿರಿ. ಅದು ಅರ್ಜಿಯ ಕೊನೆ ದಿನ. ಆ ಕೆಲಸ ಪಕ್ಕದ ಮೆಷಿನ್ನಿನ ನಾರಾಯಣನಿಗೆ ಸಿಕ್ಕಿತು. ನಮ್ಮಪ್ಪ ಸಾಯುವ ತನಕ ಅದನ್ನೇ ಹೇಳಿ ಸತ್ತರು. ಅವರನ್ನು ಈ ಕಾಗದದೊಳಕ್ಕೆ ಎಳೆದದ್ದು ನೀವು.

ಆದರೂ ಹೇಳುತ್ತೇನೆ, ಹಳೆ ಚೀಟಿಯಲ್ಲಿ ಕಳಿಸಿ, ಪಾಸು ಮಾಡುತ್ತೇನೆ. ತಪ್ಪನ್ನು ತಡೆದುಕೊಳ್ಳದ ಯಂತ್ರದಿಂದ ಯಾರಿಗೂ ಉಪಯೋಗವಿಲ್ಲ ಎಂಬುದು ನನ್ನ ನಂಬಿಕೆ. ನಿಮ್ಮ ಶಾಲೆಯಲ್ಲೇ ಕಲಿತ ನಂಬಿಕೆ.

ನಿಮ್ಮ ಆ ಹುಡುಗಿಯ ಕಥೆ ಬಿಡಿ. ನನ್ನ ಮನೆಯಲ್ಲೂ ಒಬ್ಬಳಿದ್ದಾಳೆ, ತಂಗಿ ಚಿತ್ರಾ. ಬಿ.ಎ.ನಲ್ಲಿ ಎರಡು ಸಲ ಫೇಲು. ಹೊಲಿಗೆ ಕ್ಲಾಸು ಅಂತ ನಮ್ಮಮ್ಮನಿಗೆ ಹೇಳಿ ದಿನಾ ಬಸ್ಸು ಹತ್ತುತ್ತಾಳಂತೆ, ಇವತ್ತಿನವರೆಗೆ ಒಂದು ರವಿಕೆ ಹೊಲಿದದ್ದು ನಾನು ಕಂಡಿಲ್ಲ. ತಲೆ ಇಲ್ಲದವರಿಗೆ ಕಲಿಸಿ ಏನು ಬಂತು? ಶ್ರೀನಿವಾಸಪುರದಲ್ಲಿ ಗಂಗುಲಪ್ಪ ಅಂತ, ಮಾವಿನ ಮಂಡಿ ಇದೆ. ಹೆಂಡತಿ ಹೋಗಿ ವರ್ಷವಾಯಿತು, ಎರಡು ಮಕ್ಕಳು. ಅವನಿಗೆ ಕೊಡುವುದು ಅಂತ ಮಾತಾಡಿದ್ದೇನೆ. ಅವಳನ್ನು ಕೇಳಿಲ್ಲ, ಕೇಳುವಂಥದ್ದು ಏನೂ ಇಲ್ಲ. ಹೇಗೋ ಅನ್ನ ಬೇಯಿಸಲು ಬರುತ್ತದೆ. ನಿಮ್ಮ ಹುಡುಗಿಗೂ ಅಂಥ ಯಾರಾದರೂ ಸಿಗುತ್ತಾರೆ, ಚಿಂತೆ ಮಾಡಬೇಡಿ.

ಕದಿರೇಶ


ಮುಳಬಾಗಿಲು
16–4–2003

ಚಿ. ಕದಿರೇಶನಿಗೆ.

ಉತ್ತರ ತಡವಾಯಿತು. ಇಲ್ಲಿ ಕೆಲಸ ಕೆಲವು ದಿನ ನಿಂತಿತ್ತು. ಈಗ ಮುಗಿದಿದೆ. ಫ್ಲಾಪಿ ಇದರ ಜೊತೆಗಿದೆ. ನಮ್ಮ ಕಂಪ್ಯೂಟರಿನಲ್ಲಿ ಇರುವುದು ಹಳೆ ಬ್ರೌಸರ್, ಅದರಲ್ಲಿ ಹಳೆ ಚೀಟಿ ಹಚ್ಚಿದಾಗ ಪುಟ ಚೆನ್ನಾಗಿ ತೆರೆಯಿತು. ಹೊಸದರಲ್ಲಿ ನೋಡುವ ಅನುಕೂಲ ನಮಗಿಲ್ಲ.

ಒಂದು ಮಾತು. ಸಮಿತಿ ಸೇರುವುದು ಮೇ ಐದಕ್ಕೆ. ಅದಕ್ಕೆ ಮೊದಲು ನೀನು ಹೊಸ ಬ್ರೌಸರಿನಲ್ಲಿ ತೆರೆದು ಪೂರ್ತಿ ನೋಡು. ಕೆಳಗಿನ ಸಾಲಿನ ತನಕ ನೋಡು. ತಪ್ಪಿದ್ದರೆ ನನಗೆ ತಿಳಿಸು. ತಿದ್ದಿಸಿ ಕಳಿಸುತ್ತೇನೆ. ನನಗೆ ಅದರಿಂದ ಅವಮಾನವಿಲ್ಲ.

ನಾನು ಯಾರನ್ನೂ ಹೀಗೆ ಕೇಳಿದವನಲ್ಲ, ನಿನಗೆ ಗೊತ್ತು.

ಸುಬ್ಬರಾಯಪ್ಪ


ಕೋಲಾರ
21–4–2003

ಮೇಷ್ಟ್ರಿಗೆ ನಮಸ್ಕಾರ. ಫ್ಲಾಪಿ ಬಂತು. ನೋಡಿದೆ. ಸರಿಯಿದೆ. ಮೇ ಐದರಂದು ಹನ್ನೊಂದು ಗಂಟೆಗೆ ಬನ್ನಿ. ನೀವು ಹೇಳಿದ ಹಾಗೆಯೇ ಹೊಸ ಚೀಟಿ ಹಚ್ಚಿ ತೆರೆಯುತ್ತೇನೆ. ನಿಮ್ಮ ಹಿಂದಿನ ಕಾಗದದಲ್ಲಿ 'ನಿಂತಿತ್ತು' ಅನ್ನುವ ಕಡೆ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದಿದೆ. ನಿಮ್ಮ ಕೈಯಿಂದ ಮೊದಲನೇ ತಪ್ಪು. ನಾನು ಹರಿಯಲಿಲ್ಲ.

ಕದಿರೇಶ


ಕೋಲಾರ
9–5–2003

ಮೇಷ್ಟ್ರಿಗೆ ನಮಸ್ಕಾರ.

ಸಮಿತಿಯ ತೀರ್ಮಾನ ಅಂಚೆಯಲ್ಲಿ ಬರುತ್ತದೆ. ಏನು ಅಂತ ನಿಮಗೆ ಗೊತ್ತೇ ಇದೆ. ನಾನು ಬರೆಯುತ್ತಿರುವುದು ಅದಕ್ಕಲ್ಲ.

ನಿಮ್ಮನ್ನು ಆ ದಿನ ನೋಡಿದೆ. ಯಾವತ್ತೂ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದವರು ತುಳಸಮ್ಮನವರ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಿರಿ. ಕುರ್ಚಿಯಲ್ಲಿ ನೆಟ್ಟಗೆ ಕೂತಿರಿ. ನಾನು ಪುಟ ತೆರೆದೆ. ಹಳದಿ ಮೈಮೇಲೆ ಕೆಂಪು ಅಕ್ಷರ ಬಂತು, ಮದುವೆ ಕಾಗದದ ಹಾಗೆ. ಮೊದಲನೇ ಸಾಲಿನಲ್ಲೇ ತಪ್ಪಿದೆ, ಪುಟ ತೋರಿಸಲಾಗದು ಎಂದು ಬರೆದಿತ್ತು. ಅಧ್ಯಕ್ಷರು ದೊಡ್ಡವೆಂಕಟಪ್ಪನವರು ಜೋರಾಗಿ ಓದಿ ನಕ್ಕರು. ಮೊದಲ್ನೇ ಸಾಲೇ ಬರ್ದೇ ಇರೋರು ಮಕ್ಳಿಗೇನು ಕಲಿಸ್ತಾರೆ ಅಂದರು. ಅವರು ಓದುವ ಮೊದಲು, ತಪ್ಪು ನಿಮ್ಮ ಎದುರಿಗೇ ಇದ್ದರೂ, ನೀವು ಪರದೆಯನ್ನೇ ದುರುಗುಟ್ಟಿ ನೋಡುತ್ತಾ, ಏನಾಯ್ತು, ತೆರೀತಾ ಎಂದು ಕೇಳಿದಿರಿ. ಆ ಸೊಕ್ಕು ನೋಡಿ ನನಗೆ ಉಳಿದಿದ್ದ ಸ್ವಲ್ಪ ಅಯ್ಯೋ ಪಾಪವೂ ಹೋಯಿತು.

ತಪ್ಪು ಏನು ಅಂತ ಈಗ ಹೇಳುತ್ತೇನೆ. ನಿಮ್ಮ ಹಳೆ ಇಂಗ್ಲಿಷ್ ಮೆಷಿನ್ನುಗಳಲ್ಲಿ ಒಂದು ಎನ್ನುವ ಅಂಕಿಗೆ ಕೀ ಇಲ್ಲ. ಅದರ ಬದಲು ಸಣ್ಣ ಎಲ್ ಅಕ್ಷರ ಒತ್ತಬೇಕು, ಕಣ್ಣಿಗೆ ಒಂದೇ ಥರ ಕಾಣುತ್ತದೆ ಎಂದು ಕಲಿಸಿದಿರಿ. ಅದು ಬೆರಳಿಗೆ ಹತ್ತುವ ತನಕ ಸ್ಕೇಲಿನಿಂದ ಗೆಣ್ಣಿಗೆ ಹೊಡೆದಿರಿ. ಕಂಪ್ಯೂಟರಿನಲ್ಲಿ ಒಂದಕ್ಕೆ ಬೇರೆ ಕೀ ಇದೆ. ನೀವು ಅದನ್ನು ನೋಡದೆ, ಅಭ್ಯಾಸದ ಮೇಲೆ ಮೊದಲನೇ ಸಾಲಿನಲ್ಲಿ ಒಂದು ಎನ್ನುವ ಅಂಕಿ ಬರಬೇಕಾದ ಕಡೆ ಎಲ್ ಒತ್ತಿದ್ದೀರಿ. ಹಳೆ ಬ್ರೌಸರ್ ಅದನ್ನು ಗಮನಿಸುವುದೇ ಇಲ್ಲ. ಹೊಸದು ಬಿಡುವುದಿಲ್ಲ.

ಫ್ಲಾಪಿ ಬಂದ ದಿನವೇ ನನ್ನ ಕಣ್ಣಿಗೆ ಬಿತ್ತು. ಮುಂದೆ ಓದುವ ಅಗತ್ಯ ಬೀಳಲಿಲ್ಲ, ಮುಚ್ಚಿಟ್ಟೆ. ಒಂದು ಕೀ ಒತ್ತಿ ತಿದ್ದಬಹುದಿತ್ತು. ಹಳೆ ಚೀಟಿ ಹಚ್ಚಿದ್ದರೂ ತೆರೆಯುತ್ತಿತ್ತು. ಸರಿಯಿದೆ ಅಂತ ಕಾರ್ಡು ಬರೆದೆ. ಬರೆದ ಮೇಲೆ ಚೆನ್ನಾಗಿ ಊಟ ಸೇರಿತು.

ನೀವು ಕೇಳಿದ ಕಟ್ಟುನಿಟ್ಟನ್ನೇ ಕೊಟ್ಟಿದ್ದೇನೆ. ಈಗ ತುಂಡುಗಳನ್ನು ಆರಿಸಿಕೊಂಡು ಹೋಗಿ.

ಜೂನ್ ಹನ್ನೆರಡಕ್ಕೆ ತಾಯಲೂರಿನಲ್ಲಿ ನನ್ನ ತಂಗಿಯ ಮದುವೆ. ಬೇಡ ಬೇಡ ಅನ್ನುತ್ತಿದ್ದಳು. ಈ ವಾರ ಇದ್ದಕ್ಕಿದ್ದ ಹಾಗೆ ಒಪ್ಪಿದ್ದಾಳೆ. ಬಿಡುವಿದ್ದರೆ ಬನ್ನಿ. ನಿಮಗೆ ಇನ್ನು ಬಿಡುವೇ ಬಿಡುವು.

ಕದಿರೇಶ


ಕೋಲಾರ
20–6–2003

ಮೇಷ್ಟ್ರಿಗೆ ನಮಸ್ಕಾರ.

ನೀವು ಉತ್ತರ ಬರೆಯುವುದಿಲ್ಲ ಅಂದುಕೊಂಡಿದ್ದೆ, ಬರೆಯಲಿಲ್ಲ. ಆದರೆ ಬೇರೆ ಕೆಲಸ ಮಾಡಿದ್ದೀರಿ. ನಮ್ಮಿಬ್ಬರ ನಡುವಿನ ವಿಷಯವನ್ನು ತಾಯಲೂರಿನ ತನಕ ಯಾಕೆ ಹಬ್ಬಿಸಿದಿರಿ?

ಮದುವೆ ದಿನ ಚಿತ್ರಾ ಹಸೆಮಣೆಯಿಂದ ಎದ್ದು ಎಲ್ಲರ ಕಾಲಿಗೂ ಬಿದ್ದಳು. ನನ್ನ ಹತ್ತಿರ ಬಂದವಳು ಬೀಳಲಿಲ್ಲ, ನಿಂತಳು. ಅಣ್ಣ, ನೀನು ಕೆಳಗ್ಲ ಸಾಲ್ ತನಕ ಓದಿದ್ಯಾ ಎಂದು ಕೇಳಿದಳು. ಏನನ್ನೇ ಅಂದೆ. ಹೋಗಲಿ ಬಿಡು ಅನ್ನುವ ಹಾಗೆ ಪೋನೀಲೆ ಅಂತ ತೆಲುಗಿನಲ್ಲಿ ಅಂದು ಮುಂದಕ್ಕೆ ಹೋದಳು. ಶ್ರೀನಿವಾಸಪುರದ ಜೀಪು ಹತ್ತುವ ತನಕ ಮತ್ತೆ ನನ್ನ ಕಡೆ ತಿರುಗಲಿಲ್ಲ. ಎಂಟು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಈ ಪುಟದ ಮಾತು ಅವಳಿಗೆ ಹೇಗೆ ಗೊತ್ತು? ನೀವೇ ಯಾರ ಕೈಲೋ ಹೇಳಿಸಿ ಮನೆಯ ಹೆಣ್ಣುಮಗಳ ಎದುರು ನನ್ನ ಮರ್ಯಾದೆ ತೆಗೆದಿದ್ದೀರಿ. ಸೋತ ಮೇಲೆ ಗೌರವವಾಗಿ ಸುಮ್ಮನಿರಬೇಕು.

ಫ್ಲಾಪಿ ಹುಡುಕಿದೆ. ಕೇಂದ್ರದವರು ಅಳಿಸಿ ಬೇರೆಯದಕ್ಕೆ ಬಳಸಿಬಿಟ್ಟಿದ್ದಾರೆ. ಕೆಳಗಿನ ಸಾಲಿನಲ್ಲಿ ಏನಿತ್ತು?

ಕದಿರೇಶ


ಮುಳಬಾಗಿಲು
2–7–2003

ಕದಿರೇಶನಿಗೆ.

ಇದು ನನ್ನ ಸ್ವಂತ ಕೈಬರಹ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಸುಧಾರಿಸಿಕೊಂಡು ಓದು, ನಿನ್ನ ಹಳೆ ಬ್ರೌಸರಿನ ಹಾಗೆ. ಸಕ್ಕರೆ ಕಾಯಿಲೆ ನನ್ನ ಎರಡೂ ಕಣ್ಣನ್ನು ತಿಂದು ಎರಡೂವರೆ ವರ್ಷವಾಯಿತು. ನೇರ ಬರಲಿ ಎಂದು ಕಾಗದದ ಮೇಲೆ ಸ್ಕೇಲ್ ಇಟ್ಟುಕೊಂಡು ಅಂದಾಜಿನಲ್ಲಿ ಬರೆಯುತ್ತಿದ್ದೇನೆ. ನಿನ್ನ ಗೆಣ್ಣುಗಳಿಗೆ ಗೊತ್ತಿರುವ ಅದೇ ಸ್ಕೇಲ್. ನಿನ್ನ ಕೊನೆಯ ಕಾಗದವನ್ನು ತುಳಸಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿದಳು, ಅರ್ಧ ದಿನ ಹಿಡಿಯಿತು.

ಮೊದಲಿನ ಕಾಗದಗಳನ್ನು ಓದಿದವಳು ಬೇರೆ. ಅವಳೇ ನಿನ್ನ ಕಾಗದ ನನಗೆ ಓದುತ್ತಿದ್ದಳು, ನಾನು ಹೇಳಿದ್ದನ್ನು ಟೈಪ್ ಮಾಡಿ ನಿನಗೆ ಕಳಿಸುತ್ತಿದ್ದಳು. ನನ್ನ ಕೈ ಹಾಗೇ ಇದೆ ಎಂದು ನೀನು ಹೊಗಳಿದ್ದು ಅವಳ ಕೈಯನ್ನು. ತಾಯಲೂರಿನಿಂದ ಬರುತ್ತಿದ್ದಳು. ಹೊಲಿಗೆ ಕಲಿಯಲಿಲ್ಲ, ನಿಜ.

ಪುಟದ ಕೆಳಗಿನ ಸಾಲಿನಲ್ಲಿ ಇದ್ದದ್ದು ಇದು: ಇನ್ಸ್‌ಟ್ರಕ್ಟರ್, ಚಿತ್ರಾ, ತಾಯಲೂರು.

ಅಣ್ಣನಿಗೆ ಮೊದಲೇ ಹೇಳೋಣ ಎಂದೆ. ಬ್ಯಾಡ ಮೇಷ್ಟ್ರೇ, ಅವನೇ ಪುಟದಲ್ಲಿ ನೋಡ್ಲಿ, ಖುಷಿ ಪಡ್ಲಿ ಅಂದಳು. ಆಮೇಲೆ ನಿನ್ನ ಮಾರ್ಚ್ ತಿಂಗಳ ಕಾಗದ ಬಂತು. ತಲೆ ಇಲ್ಲದವರು ಎಂಬಲ್ಲಿಂದ ಗಂಗುಲಪ್ಪನ ಎರಡು ಮಕ್ಕಳವರೆಗೆ ಅವಳೇ ನನಗೆ ಓದಿ ಹೇಳಿದಳು, ಒಂದು ಮಾತೂ ಬಿಡಲಿಲ್ಲ. ಎರಡು ವಾರ ಬರಲಿಲ್ಲ. ಬಂದವಳು ಪುಟ ಮುಗಿಸಿ, ಫ್ಲಾಪಿಯ ಜೊತೆ ಕಳಿಸಿದ ಕಾಗದ ಟೈಪ್ ಮಾಡಿದಳು. ಅಕ್ಷರದ ಮೇಲೆ ಅಕ್ಷರ ಬಿದ್ದದ್ದು ಆ ದಿನ.

ಎಲ್ ಒತ್ತಿದ್ದು ಅವಳ ಬೆರಳು. ಒತ್ತಲು ಕಲಿಸಿದವನು ನಾನು, ನಿನಗೆ ಕಲಿಸಿದ ಹಾಗೆಯೇ. ಅವಳಿಗೆ ಹೊಡೆಯಲಿಲ್ಲ, ಅಷ್ಟೇ ವ್ಯತ್ಯಾಸ. ಸಮಿತಿಯ ದಿನ ಅವಳೂ ಕೋಲಾರಕ್ಕೆ ಬಂದಿದ್ದಳು. ನಿಮ್ಮ ಗೇಟಿನ ಆಚೆ ಬೇವಿನ ಮರದ ಕೆಳಗೆ ನಿಂತಿದ್ದಳು. ತೆರೀತಾ ಎಂದು ನಾನು ಕೇಳಿದ್ದು ಸೊಕ್ಕಿನಿಂದಲ್ಲ, ಹೊರಗೆ ಹೋಗಿ ಅವಳಿಗೆ ಏನು ಹೇಳಲಿ ಎಂದು.

ನಿನ್ನ ಒಂಬತ್ತನೇ ತಾರೀಖಿನ ಕಾಗದವನ್ನೂ ಅವಳೇ ಓದಿದಳು. ನಿಲ್ಲಿಸಮ್ಮ ಅಂದೆ, ನಿಲ್ಲಿಸಲಿಲ್ಲ. ಊಟ ಸೇರಿತು ಎನ್ನುವುದನ್ನೂ ಓದಿದಳು. ಮುಗಿದ ಮೇಲೆ ಮಡಿಸಿ ಕೊಟ್ಟು, ಮೆಷಿನ್ನಿಗೆ ಬಟ್ಟೆ ಹೊದಿಸಿ, ಸಂಜೆ ಬಸ್ಸಿಗೆ ಹೋದಳು. ಮನೆಯಲ್ಲಿ ಒಪ್ಪಿದ್ದು ಅದರ ಮಾರನೇ ದಿನ. ನೀನು ಕಾಗದದಲ್ಲಿ ಈ ವಾರ ಒಪ್ಪಿದಳು ಎಂದು ಬರೆದಿದ್ದೆ. ಆಗ ಅವಳು ಇನ್ನೂ ಒಪ್ಪಿರಲಿಲ್ಲ, ನಿಮ್ಮಮ್ಮ ನಿನಗೆ ಸುಳ್ಳು ಹೇಳಿದ್ದಳು. ನಿನ್ನ ಕಾಗದ ಅದನ್ನು ನಿಜ ಮಾಡಿತು.

ನಿನ್ನ ಅರ್ಜಿ ಹರಿದದ್ದು ತಪ್ಪು. ಅವತ್ತೇ ಗೊತ್ತಿತ್ತು. ಅದಕ್ಕೆ ನೀನು ನನಗೆ ಏನು ಬೇಕಾದರೂ ಮಾಡಬಹುದಿತ್ತು, ನಾನು ಬಾಯಿ ಬಿಡುತ್ತಿರಲಿಲ್ಲ. ಶಾಲೆ ಮೊನ್ನೆ ಸೋಮವಾರ ಮುಚ್ಚಿದೆ.

ಏಪ್ರಿಲ್‌ನಲ್ಲಿ ನೀನು ಬರೆದ ಕಾರ್ಡನ್ನು ಮಾತ್ರ ಅವಳು ತನ್ನ ಹತ್ತಿರ ಇಟ್ಟುಕೊಂಡಿದ್ದಳು. ಅದು ಬಂದ ದಿನ ನನಗೆ ಮೂರು ಸಲ ಓದಿದಳು. ನಮ್ಮಣ್ಣ ನನ್ನ ಹೆಸ್ರು ನೋಡಿದ್ದಾನೆ ಮೇಷ್ಟ್ರೇ, ನೋಡಿನೇ ಸರಿಯಿದೆ ಅಂದಿದ್ದಾನೆ ಅಂದಳು. ಆ ಹನ್ನೆರಡು ದಿನ ಇಲ್ಲಿ ಹಾಡು ಹೇಳಿಕೊಂಡು ಕೆಲಸ ಮಾಡಿದಳು. ಬೇರೆ ಯಾರಿಗೂ ಪುಟ ತೋರಿಸಿ ನೋಡುವುದು ಬೇಡ ಎಂದವಳೂ ಅವಳೇ.

ಮದುವೆಗೆ ಹೋಗುವ ಮೊದಲು ಅದನ್ನು ಮೂರನೇ ಮೆಷಿನ್ನಿನ ಮೇಲೆ ಬಿಟ್ಟು ಹೋಗಿದ್ದಾಳೆ. ಇದರ ಜೊತೆ ಇಟ್ಟು ಕಳಿಸುತ್ತಿದ್ದೇನೆ. ಇದನ್ನು ನಾನು ಹರಿದಿಲ್ಲ.

ಸುಬ್ಬರಾಯಪ್ಪ